ಐದು ಗಂಟೆಯ ಬಸ್ಸು

ಡೀಸೆಲ್ ಮತ್ತು ಬಿಸಿ ಊಟದ ಡಬ್ಬಿ, ಎರಡೂ ಬೆರೆತ ವಾಸನೆ. ನಕ್ಷೆಯಮ್ಮನಿಗೆ ಬಾಲ್ಯವೆಂದರೆ ಅದೇ. ಅಪ್ಪ ಬಸ್ ಚಾಲಕ. ಶಾಲೆಗೆ ರಜೆ ಇದ್ದಾಗ ಬೆಳಗಿನ ಐದು ಗಂಟೆಯ ಬಸ್ಸಿನಲ್ಲಿ ಮಗಳನ್ನು ಎಂಜಿನ್ನಿನ ಪಕ್ಕ ಕೂರಿಸಿಕೊಳ್ಳುತ್ತಿದ್ದ. ಆಸ್ಪತ್ರೆ, ಕಚೇರಿ ಗುಡಿಸಲು ಹೋಗುವ ಹೆಂಗಸರು ಅವಳ ತೊಡೆಯ ಮೇಲೆ ತಮ್ಮ ಡಬ್ಬಿಗಳನ್ನಿಟ್ಟು, "ನೋಡ್ಕೋ ಪುಟ್ಟಿ" ಎನ್ನುತ್ತಿದ್ದರು. ಡಬ್ಬಿಯ ಬಿಸಿ ಲಂಗ ದಾಟಿ ತಾಗುತ್ತಿತ್ತು.

ಅದೆಲ್ಲ ಗೊತ್ತಿದ್ದವಳೇ ಆ ಬಸ್ಸನ್ನು ನಿಲ್ಲಿಸಿದ್ದು.

ಈಗ ಅವಳು ನಗರದ ಸಾರಿಗೆ ಯೋಜನೆ ಮಾಡುವ ಕಚೇರಿಯ ಹಿರಿಯ ಅಧಿಕಾರಿ. ಸದಾ ನಕ್ಷೆಯ ಮೇಲೆ ಬಾಗಿರುತ್ತಾಳೆಂದು ಆ ಅಡ್ಡಹೆಸರು. ಊರು ನಾಲ್ಕೂ ದಿಕ್ಕಿಗೆ ಬೆಳೆದಿತ್ತು, ಹೊಸ ಯೋಜನೆ ಬರೆಯಬೇಕಿತ್ತು. ಹಳೆಯ ಅಂಕಿ ನೋಡಲೆಂದು ಹನ್ನೆರಡು ವರ್ಷದ ಹಿಂದಿನ ಕಡತ ಬಿಚ್ಚಿದರೆ, ಐದು ಗಂಟೆಯ ಸಾಲಿನುದ್ದಕ್ಕೂ ಸೊನ್ನೆ. ಅವಳದೇ ಅಕ್ಷರ.

ಆಗ ನೆನಪಾಯಿತು. ಪ್ರಯಾಣಿಕರನ್ನು ಎಣಿಸುವವರು ಆ ಬಸ್ಸು ಹೊರಡುವ ಬಡಾವಣೆಗೆ ಬರುತ್ತಿದ್ದದ್ದೇ ಆರು ಗಂಟೆಯ ಬಸ್ಸಿನಲ್ಲಿ. ಐದರ ಬಸ್ಸನ್ನು ಯಾರೂ ಎಣಿಸಿರಲಿಲ್ಲ. ಹತ್ತುವವರೆಲ್ಲ ತಿಂಗಳ ಪಾಸಿನವರು, ಟಿಕೆಟ್ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಎಣಿಸುವವರು ಖಾಲಿ ಬಿಟ್ಟಿದ್ದ ಜಾಗ ಕಣ್ಣಿಗೆ ಚುಚ್ಚುತ್ತದೆಂದು ಅವಳು ಸೊನ್ನೆ ತುಂಬಿದ್ದಳು. ಆ ಸೊನ್ನೆ ನೋಡಿಯೇ ಬಸ್ಸು ನಿಂತಿತ್ತು.

ಕಚೇರಿ ಗುಡಿಸುವಾಕೆ ಅಲ್ಲೇ ನೆಲ ಒರೆಸುತ್ತಿದ್ದಳು. ತಡವಾಗಿ ಬಂದಿದ್ದಕ್ಕೆ ಎಷ್ಟೋ ಸಲ ನಕ್ಷೆಯಮ್ಮನಿಂದ ಬೈಸಿಕೊಂಡವಳು.

"ನೀನು ಬೆಳಿಗ್ಗೆ ಹೇಗೆ ಬರ್ತೀಯಮ್ಮಾ?"

"ಇನ್ಯಾವುದ್ರಲ್ಲಿ ಮೇಡಂ, ನಟರಾಜ ಸರ್ವಿಸ್ಸಲ್ಲೇ." ಆಕೆ ತನ್ನ ಕಾಲು ತೋರಿಸಿದಳು. "ಒಂದೂಕಾಲು ಗಂಟೆ ದಾರಿ. ಈಗೀಗ ಮಂಡಿ ಹತ್ರ ಸ್ವಲ್ಪ ರಿಪೇರಿ."

"ಮುಂಚೆ ಬಸ್ಸಿತ್ತಲ್ಲ?"

"ಇತ್ತು. ಯಾರೂ ಹತ್ತಲ್ಲ ಅಂತ ನಿಲ್ಸಿದ್ರಂತೆ. ನಾವೆಲ್ಲ ಬಿದ್ದೂ ಬಿದ್ದೂ ನಕ್ವಿ. ಕೂರೋಕೆ ಜಾಗ ಇಲ್ದೆ ನೇತಾಡ್ಕೊಂಡು ಹೋಗ್ತಿದ್ದೋರು ದೆವ್ವಗಳಾ ಅಂತ."

ನಕ್ಷೆಯಮ್ಮನಿಗೆ ನಗು ಬರಲಿಲ್ಲ. ನೆಟ್ಟಗೆ ಮುಖ್ಯಸ್ಥರ ಕೋಣೆಗೆ ಹೋಗಿ, ಐದರ ಬಸ್ಸನ್ನು ಹೊಸ ಯೋಜನೆಗೆ ಸೇರಿಸಬೇಕೆಂದಳು.

"ಅಂಕಿ ಇಲ್ದೆ ಬಸ್ ಹೇಗ್ರೀ ಬಿಡೋದು?" ಎಂದರು ಅವರು. "ನಾಳೆ ಸಂಜೆ ಕಡತ ಕಳಿಸ್ತೀನಿ. ಅಷ್ಟರೊಳಗೆ ಐವತ್ತು ಜನಾನ ತೋರ್ಸಿ, ಸೇರಿಸ್ತೀನಿ. ಇಲ್ದಿದ್ರೆ ಇನ್ನು ಹತ್ತು ವರ್ಷ ಆ ಮಾತೇ ಬೇಡ."

ಮರುದಿನ ಬೆಳಕು ಹರಿಯುವ ಮೊದಲೇ ಅವಳು ಆ ಬಡಾವಣೆಗೆ ನಡೆದೇ ಹೋದಳು. ಒಂದು ಗಂಟೆ ಹಿಡಿಯಿತು, ಹಿಮ್ಮಡಿ ಸುಲಿಯಿತು. ನಿಲ್ದಾಣವಿದ್ದ ಕಡೆ ಬರಿ ಕಂಬವಿತ್ತು. ಅದಕ್ಕೊರಗಿ, ನಡೆದು ಹೋಗುವ ಒಬ್ಬೊಬ್ಬರಿಗೂ ಒಂದೊಂದು ಗೀಟು ಹಾಕತೊಡಗಿದಳು. ಕೈಯಲ್ಲಿ ಚೀಲ, ಚೀಲದಲ್ಲಿ ಡಬ್ಬಿ. ಮೂವತ್ತು, ಐವತ್ತು, ತೊಂಬತ್ತು. ಒಬ್ಬ ಮುದುಕಿ ತನ್ನ ಟಾರ್ಚನ್ನು ಅವಳ ಪುಸ್ತಕದ ಮೇಲೆ ಹಿಡಿದು, ಆ ಪುಟ ಮುಗಿಯುವವರೆಗೆ ನಿಂತಿದ್ದು, ಮುಂದೆ ನಡೆದಳು.

ನೂರಾ ನಲವತ್ತು ದಾಟಿದ ಮೇಲೆ ಗುಡಿಸುವಾಕೆ ಕುಂಟುತ್ತ ಬಂದಳು.

"ಇದೇನು ಮೇಡಂ, ಇಲ್ಲಿ?"

"ಆ ಬಸ್ ನಿಲ್ಸಿದ್ದು ನಾನೇ ಕಣಮ್ಮಾ. ಯಾರೂ ಎಣಿಸಿರ್ಲಿಲ್ಲ. ನಾನು ಸೊನ್ನೆ ಬರೆದುಬಿಟ್ಟೆ."

ಆಕೆ ಚೀಲವನ್ನು ಕಂಬಕ್ಕೆ ಒರಗಿಸಿಟ್ಟಳು.

"ಒಂದು ದಿನ ಬಂದು ನೋಡ್ಬಹುದಿತ್ತು."

"ಬಹುದಿತ್ತು."

"ಸಿಗುತ್ತಾ ಬಸ್ಸು?"

"ಐವತ್ತು ಜನಾನ ತೋರ್ಸಿ ಅಂದ್ರು ಮುಖ್ಯಸ್ಥರು. ಹತ್ತಿರ ಹತ್ತಿರ ಅದರ ಮೂರರಷ್ಟಿದ್ದಾರೆ. ಸಿಗುತ್ತೆ."

"ನಾನು ಈ ತಿಂಗಳಿಗೆ ಕೆಲಸ ಬಿಡ್ತಿದ್ದೀನಿ. ಈ ಮಂಡಿ ಇನ್ನು ಬಗ್ಗಲ್ಲ." ಸ್ವಲ್ಪ ತಡೆದು ಕೇಳಿದಳು, "ನನ್ನೂ ಬರ್ಕೊಂಡ್ರಾ?"

ನಕ್ಷೆಯಮ್ಮ ಗೀಟು ಹಾಕಿದಳು. ಹನ್ನೆರಡು ವರ್ಷದ ನಡಿಗೆಗೆ ಒಂದು ಗೀಟು. ಪುಸ್ತಕ ಮುಚ್ಚಿ ಕಂಬದ ಬುಡದಲ್ಲಿ ಕುಳಿತಳು.

ಗುಡಿಸುವಾಕೆಯೂ ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಕುಳಿತಳು. ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅರ್ಧವನ್ನು ಮುಚ್ಚಳಕ್ಕೆ ಹಾಕಿ, ಅವಳ ತೊಡೆಯ ಮೇಲಿಟ್ಟಳು. ಇನ್ನೂ ಬಿಸಿಯಿತ್ತು.