ತುಟಿ ಎರಡು ಸಲ ಅಲುಗಿತ್ತು

ಹತ್ತು ನಿಮಿಷಕ್ಕೊಂದು ಹಾಸಿಗೆಯ ದೃಶ್ಯ ಇದ್ದರಾಯಿತು, ಉಳಿದದ್ದು ನಿಮ್ಮಿಷ್ಟ ಎನ್ನುತ್ತಿದ್ದರು ಟೋಕಿಯೊದ ಆ ನಿರ್ಮಾಪಕರು. ಆ ಉಳಿದದ್ದಕ್ಕಾಗಿಯೇ ಕುರಾಮೋಚಿ ವಯಸ್ಕರ ಚಿತ್ರಗಳನ್ನು ನಿರ್ದೇಶಿಸುತ್ತಿದ್ದ. ಈ ಸಲದ ಕಥೆಯಲ್ಲಿ, ಹೆಂಡತಿ ಪ್ರಿಯಕರನ ಜೊತೆ ಕೋಣೆಯಲ್ಲಿದ್ದಾಗ ಗಂಡ ಬಂದು ಬಾಗಿಲು ತಟ್ಟುತ್ತಾನೆ. ಅವಳು ತೆಗೆಯುವುದಿಲ್ಲ. ಬಾಗಿಲನ್ನೇ ನೋಡುತ್ತ ಕೂತ ಆ ಮುಖದ ಮೇಲೆ ಇಡೀ ಚಿತ್ರ ನಿಂತಿತ್ತು.

ನಟಿ ಚಿಗುಸಾಳ ಮುಖದಲ್ಲಿ ಮಾತ್ರ ಆ ಭಾವ ಬರಲೊಲ್ಲದು. ತಂದಿದ್ದ ಫಿಲ್ಮು ಮುಗಿಯುತ್ತ ಬಂದಿತ್ತು.

ಅವರ ಚಿತ್ರಗಳಲ್ಲಿ ಮಾತೆಲ್ಲ ಆಮೇಲೆ ಸೇರಿಸುವುದು; ಚಿತ್ರೀಕರಣದ ಹೊತ್ತಿಗೆ ಧ್ವನಿ ಹಿಡಿಯುವ ಪದ್ಧತಿಯೇ ಇಲ್ಲ. ಹಾಗಾಗಿ ಕ್ಯಾಮೆರಾ ಓಡುತ್ತಿರುವಾಗಲೇ ಕುರಾಮೋಚಿ ‘ತಲೆ ಎತ್ತು’, ‘ಇನ್ನೂ ನಿಧಾನ’ ಎಂದು ಕೂಗುತ್ತಿರುತ್ತಿದ್ದ. ಅವತ್ತೂ ಬಾಯಿ ತೆರೆದ.

“ಹೊರಗಿರೋದು ಗಂಡ ಅಲ್ಲ, ಚಿಗುಸಾ. ನಿನ್ನ ಮಗಳು. ಒಬ್ಳೇ ರೈಲು ಹತ್ತಿ ಬಂದಿದಾಳೆ. ಅಮ್ಮಾ ಅಂತಿದಾಳೆ. ಒಳಗಿದ್ಕೊಂಡೂ ಬಾಗಿಲು ತೆಗೀಲಿಲ್ವಲ್ಲ ನೀನು.”

ಒಂದು ಸಂಜೆ ರಸ್ತೆ ಬದಿಯಲ್ಲಿ ಓಡೆನ್ ಎಂಬ ಬಿಸಿ ತಿನಿಸು ಮಾರುವ ಗಾಡಿಯ ಮುಂದೆ, ಸಾಕೆ ಕುಡಿಯುತ್ತ, ಅವನೊಬ್ಬನಿಗೇ ಅವಳು ಹೇಳಿಕೊಂಡಿದ್ದ ಸಂಗತಿ ಅದು. ದೀಪ ಹಿಡಿದವರು ನೆಲ ನೋಡಿದರು. ಅವಳ ಮುಖ ಒಡೆಯಿತು. ತುಟಿ ಅಲುಗಿತು. ಕ್ಯಾಮೆರಾದ ಗರಗರದಲ್ಲಿ ಏನೂ ಕೇಳಿಸಲಿಲ್ಲ.

“ಇನ್ನೂ ತಟ್ತಾ ಇದಾಳೆ, ನೋಡು,” ಎಂದ ಕುರಾಮೋಚಿ.

ಧ್ವನಿ ಸೇರಿಸುವ ದಿನ ಅವಳು ಬರುವುದಿಲ್ಲವೆಂದೇ ಅವನು ಹೆದರಿದ್ದ. ಬಂದಳು. ಧ್ವನಿ ವಿಭಾಗದ ಹಿರಿಯ ಹಿರಾಯಾಮನ ಕೈಗೆ ಕಿತ್ತಳೆ ಇಟ್ಟು, “ನೆಗಡಿ ತಾತ. ನನ್ನ ನರಳಾಟ ಇವತ್ತು ಕಪ್ಪೆ ಥರ ಇರತ್ತೆ,” ಎಂದಳು.

“ಇರ್ಲಿ ಬಿಡಮ್ಮ. ನಮ್ಮ ಪಿಕ್ಚರಿಗೆ ಅರ್ಧ ಜನ ನಿದ್ದೆ ಮಾಡೋಕೇ ಬರ್ತಾರೆ.”

ಅವಳು ನಕ್ಕಳು. ಕುರಾಮೋಚಿಯ ಕಡೆ ನೋಡಲಿಲ್ಲ.

ಆ ದೃಶ್ಯ ಬಂತು. ಸದ್ದಿಲ್ಲದ ಪರದೆಯ ತುಂಬ ಅವಳ ಮುಖ.

“ಇಲ್ಲೇನೋ ಅಂದಿದೀಯಲ್ಲಮ್ಮ,” ಎಂದ ಹಿರಾಯಾಮ. “ಸ್ಕ್ರಿಪ್ಟಲ್ಲಿ ಮಾತೇ ಇಲ್ಲ?”

ಕುರಾಮೋಚಿಗೆ ಈಗ ಕಂಡಿತು. ನಿಲ್ಸಿ ಎಂದಿದ್ದಳು. ಮತ್ತೆ ಇನ್ನೊಮ್ಮೆ, ನಿಲ್ಸಿ.

“ಏನು ಹಾಕ್ಬೇಕೋ ಡೈರೆಕ್ಟರೇ ಹೇಳ್ಲಿ,” ಎಂದಳು ಚಿಗುಸಾ.

ಈ ತುಂಡು ತೆಗೆದುಬಿಡಿ ಅನ್ನಬಹುದಿತ್ತು. ಆದರೆ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಅಂಥ ಮುಖವನ್ನು ಅವನು ಜನ್ಮದಲ್ಲಿ ಹಿಡಿದಿರಲಿಲ್ಲ.

“‘ಯಾರು’ ಅಂತ ಹಾಕಿ,” ಎಂದ.

ಅವಳು ಒಂದೇ ಸಲ “ಯಾರು?” ಎಂದಳು. ಕೋಟು ತೊಟ್ಟು, ಹೊಸಬರಿಗೆ ಬಾಗುವಷ್ಟೇ ಅಳತೆಯಾಗಿ ಬಾಗಿ, “ತಮ್ಮಿಂದ ಬಹಳ ಉಪಕಾರವಾಯ್ತು,” ಎಂದು ಹೊರಟುಹೋದಳು. ಮತ್ತೆಂದೂ ಅವನ ಚಿತ್ರಕ್ಕೆ ಬರಲಿಲ್ಲ.

ಪತ್ರಿಕೆಯವರು ಆ ಮುಖವನ್ನು ಹೊಗಳಿದರು. ತೆಗೆಯಿರಿ ಎಂದು ಅವಳು ಬಾಯಿಬಿಟ್ಟು ಕೇಳಿದ್ದರೆ ತೆಗೆದೇ ತೆಗೆಯುತ್ತಿದ್ದೆ ಎಂದು ಕುರಾಮೋಚಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಸಮಾಧಾನ ಅರೆ ಖಾಲಿ ಥಿಯೇಟರಿನ ಕೊನೆಯ ಸಾಲಿನಲ್ಲಿ ಕೂರುವವರೆಗೆ ಮಾತ್ರ ಬಾಳುತ್ತಿತ್ತು. ಪರದೆಯ ಮೇಲೆ ತುಟಿ ಎರಡು ಸಲ ಅಲುಗುತ್ತಿತ್ತು, ಧ್ವನಿ ಒಂದು ಸಲ ಬರುತ್ತಿತ್ತು. ಅವಳು ಬಾಯಿಬಿಟ್ಟು ಕೇಳಿಯೇ ಇದ್ದಳು.