ಶಾಮಣ್ಣನ ಕೈಗೊಂದು ರಿವಾಲ್ವರ್

ಮೂವತ್ತು ವರ್ಷ ಕೋವಿ, ಮದ್ದು, ಗುಂಡುಗಳ ನಡುವೆ ಒಂದು ಗೀರೂ ಬೀಳದೆ ಬದುಕಿದ ಶಾಮಸುಂದರನನ್ನು ಕೊನೆಗೂ ಆಸ್ಪತ್ರೆ ಸೇರಿಸಿದ್ದು ಒಂದು ಹಲಸಿನ ಹಣ್ಣು. ಅರಬರ ನಾಡಿನ ಕರಾಮ ಪೇಟೆಯ ಅಂಗಡಿಯಿಂದ ಇಡೀ ಹಣ್ಣು ಹೊತ್ತು ತಂದಿದ್ದ. ಮೇಣ ಅಂಟದಿರಲೆಂದು ಊರಿನ ಕ್ರಮದಂತೆ ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡ. ಸವರಿದ್ದು ತುಸು ಜಾಸ್ತಿಯೇ ಆಯಿತು. ಚೂರಿಯ ಹಿಡಿಯಲ್ಲಿದ್ದ ಬಲಗೈ ಸರ್ರನೆ ಅಲಗಿನ ಮೇಲಕ್ಕೆ ಜಾರಿ, ಹೆಬ್ಬೆರಳನ್ನು ಮಡಿಸುವ ನರದಂಥ ಬಿಳಿ ಹುರಿ, ಡಾಕ್ಟರುಗಳು ಟೆಂಡನ್ ಅನ್ನುತ್ತಾರಲ್ಲ ಅದು, ತುಂಡಾಯಿತು. ಈ ಕಥೆ ಕೇಳಿ ನಗದವರಿಲ್ಲ. ಕೈಗಳ ಫಿಸಿಯೋಥೆರಪಿಸ್ಟ್ ಮಾರ್ಟಿನಾ ಕೂಡ ಮೊದಲ ದಿನ ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕಿದ್ದಳು.

ಆ ಹುರಿಯನ್ನು ಹೊಲಿದು ನಾಲ್ಕು ತಿಂಗಳು ಕಳೆದಿತ್ತು. ಈಗ ಅವಳಿಗೆ ನಗು ಬರುತ್ತಿರಲಿಲ್ಲ.

ಶಾಮಸುಂದರ ಸುಳ್ಯದ ಕಡೆಯವನು. ಸೈನ್ಯದಲ್ಲಿ ಕೋವಿ ರಿಪೇರಿ ಮಾಡಿ, ಹೊಸಬರಿಗೆ ಹೊಡೆಯಲೂ ಹೇಳಿಕೊಡುತ್ತಿದ್ದವನು, ನಿವೃತ್ತನಾದ ಮೇಲೆ ಅಬುಧಾಬಿ ರಸ್ತೆಯ ಆಚೆ ಮರಳುಗಾಡಿನಲ್ಲಿರುವ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಆಯುಧಗಳನ್ನು ನೋಡಿಕೊಳ್ಳುತ್ತ, ಬಂದವರಿಗೆ ಹೊಡೆಯಲು ಕಲಿಸುತ್ತ ಇದ್ದ. ಆ ಕ್ಲಬ್ಬು ತನ್ನ ಮೊಟ್ಟಮೊದಲ ದೊಡ್ಡ ರಿವಾಲ್ವರನ್ನು ಕೊಳ್ಳಲು ಹೊರಟಿತ್ತು. ನಲವತ್ತನಾಲ್ಕರ ಅಳತೆಯ ದಪ್ಪ ಗುಂಡಿನದು. ಎಷ್ಟೋ ರೈಫಲು, ಪಿಸ್ತೂಲು ಬಿಚ್ಚಿ ಜೋಡಿಸಿದ ಶಾಮಣ್ಣನ ಕೈಗೂ ಅಂಥದ್ದು ಇದುವರೆಗೆ ಬಂದಿರಲಿಲ್ಲ. ದೇವಸ್ಥಾನಕ್ಕೆ ಆನೆ ತರಲು ಹೊರಟವರ ಹಾಗೆ ಅವನು ತಿಂಗಳಿಂದ ಅದರದ್ದೇ ಮಾತಾಡುತ್ತಿದ್ದ. ಮಾರಾಟಗಾರರು ಮೂರನ್ನು ನೋಡಲು ಕಳಿಸಿದ್ದರು. ಒಂದನ್ನು ಅವನೇ ಆರಿಸಬೇಕು, ಶನಿವಾರ ಬೆಳಿಗ್ಗೆ ಮ್ಯಾನೇಜರ್ ನತಾಶಾಳ ಎದುರು ಅದರಿಂದ ಆರು ಗುಂಡು ಹೊಡೆದು ತೋರಿಸಬೇಕು. ತೋರಿಸಿದರೆ ಅವನ ಜಾಗ ಅವನಿಗೇ. ಇಲ್ಲವಾದರೆ ಬೇರೊಬ್ಬ ಬರುತ್ತಾನೆ, ಶಾಮಣ್ಣನಿಗೆ ಊರಿನ ಟಿಕೆಟ್ಟು. ಆದರೆ ಕೈ ಗುಣವಾಗಿದೆ ಎಂಬ ಪತ್ರ ಬಾರದೆ ಗುಂಡು ತುಂಬಿದ್ದನ್ನು ಅವನು ಮುಟ್ಟುವ ಹಾಗಿಲ್ಲ. ಪತ್ರ ಕೊಡಬೇಕಾದವಳು ಮಾರ್ಟಿನಾ.

"ಒಂದು ಸಹಿ ಹಾಕಿ ಬಿಡಿ ಬಾಯಮ್ಮ. ನಿಮ್ಮ ಪೆನ್ನಿಗೆ ಎಂತ ನಷ್ಟ ಉಂಟು?" ಎಂದ, ಕ್ಲಿನಿಕ್ಕಿನ ಮೇಜಿನ ಮೇಲೆ ರಬ್ಬರ್ ಚೆಂಡನ್ನು ಹಿಸುಕುತ್ತ. ಕ್ರೈಸ್ತ ಹೆಂಗಸರನ್ನು ಊರಿನಲ್ಲಿ ಕರೆಯುವ ಹಾಗೆ ಅವನು ಅವಳನ್ನು ಬಾಯಮ್ಮ ಎಂದೇ ಕರೆಯುತ್ತಿದ್ದ.

"ಪೆನ್ನಿಗೆ ಎಂತ ಇಲ್ಲ ಶಾಮಣ್ಣ. ನಿಮ್ಮ ಬೆರಳಿಗೆ ಉಂಟು."

ಅವಳು ಸುಮ್ಮನೆ ಹಟ ಮಾಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನ ಒಬ್ಬ ವೆಲ್ಡರನಿಗೆ, ಅವನು ಕೈಮುಗಿದು ಬೇಡಿಕೊಂಡನೆಂದು, ಹೀಗೆಯೇ ಸಹಿ ಹಾಕಿದ್ದಳು. ಎಂಟನೇ ದಿನ ಹೊಲಿದ ಟೆಂಡನ್ ಕಿತ್ತು ಬಂತು. ಆ ಬೆರಳು ಮತ್ತೆ ಬಾಗಲಿಲ್ಲ. ಅಂದಿನಿಂದ ಇಂಥ ಪತ್ರ ಅವಳಿಗೆ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಇಲ್ಲ ಎಂದರೆ ಶಾಮಣ್ಣನ ಅನ್ನ ಹೋಗುತ್ತದೆ, ಹೂಂ ಎಂದರೆ ಬೆರಳೇ ಹೋಗಬಹುದು. ಆ ರಿವಾಲ್ವರ್ ಕೈಗೆ ಎಂಥ ಪೆಟ್ಟು ಕೊಡುತ್ತದೆಂದು ಯಾವ ಪುಸ್ತಕದಲ್ಲೂ ಅವಳಿಗೆ ಸಿಗಲಿಲ್ಲ.

"ಶನಿವಾರ ನಾನೂ ಬರ್ತೇನೆ. ಮೊದಲು ನಾನು ಹೊಡೆದು ನೋಡ್ತೇನೆ, ಮತ್ತೆ ಬರೆಯುದು" ಎಂದುಬಿಟ್ಟಳು.

ಶಾಮಣ್ಣ ಚೆಂಡು ಹಿಸುಕುವುದನ್ನೇ ಬಿಟ್ಟ. "ನೀವಾ? ನೀವು ಪಟಾಕಿ ಹೊಡೆದದ್ದುಂಟಾ ಮಾರಾಯ್ರೆ?"

"ಇಲ್ಲ. ನಕ್ಷತ್ರಕಡ್ಡಿ ಮಾತ್ರ."

ಶನಿವಾರ ಒಂಬತ್ತಕ್ಕೇ ಮರಳು ಬಿಳಿಚಿಕೊಂಡು ಕಣ್ಣಿಗೆ ಹೊಡೆಯುತ್ತಿತ್ತು. ಎಮಿರೇಟ್ಸ್ ಐಡಿ ತೋರಿಸಿ, ಎರಡು ಕಾಗದಗಳಿಗೆ ಸಹಿ ಹಾಕಿ ಮಾರ್ಟಿನಾ ಒಳಗೆ ಬಂದಳು. ನತಾಶಾ ಎತ್ತರದ, ಮಾತು ಕಡಿಮೆಯ ಹೆಂಗಸು. ಹಸಿರು ಬಟ್ಟೆ ಹಾಸಿದ ಮೇಜಿನ ಬಳಿಗೆ ಕರೆದೊಯ್ದಳು. ಅಲ್ಲಿ ಮೂರೂ ಮಲಗಿದ್ದವು.

ಮಾರ್ಟಿನಾ ಮೇಜಿನಿಂದ ಒಂದು ಹೆಜ್ಜೆ ಈಚೆಗೇ ನಿಂತಳು. ಭಯವೇ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಪೂರ್ತಿ ಭಯವಲ್ಲ. ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿದ ಮೇಲೆ ಒಬ್ಬಳೇ ಒಳಹೊಕ್ಕರೆ ಕಾಲು ತಾನಾಗಿ ಮೆಲ್ಲಗಾಗುತ್ತದಲ್ಲ, ಅಂಥದ್ದು. ಚಿಕ್ಕದು ಅಂಗೈಯಷ್ಟೇ ಇತ್ತು. ನಡುವಿನದಕ್ಕೆ ಮರದ ಹಿಡಿ. ಮೂರನೆಯದರ ನಳಿಗೆ ಒಂದು ಗೇಣಿಗೂ ಉದ್ದ, ಮೈಯೆಲ್ಲ ಕಪ್ಪು ಉಕ್ಕು, ಗುಂಡು ತುಂಬುವ ಉರುಳೆಯಲ್ಲಿ ಆರು ಕತ್ತಲೆಯ ಗೂಡುಗಳು. ಮನುಷ್ಯನ ಕೈಯ ಇಪ್ಪತ್ತೇಳು ಎಲುಬುಗಳನ್ನು ಕಣ್ಣುಮುಚ್ಚಿ ಹೆಸರಿಸಬಲ್ಲವಳು ಅವಳು. ಆ ಇಪ್ಪತ್ತೇಳೂ ಸೇರಿ ಇಂಥದ್ದೊಂದನ್ನು ಮಾಡಿವೆ, ಇನ್ನು ಅವೇ ಇದರ ಪೆಟ್ಟನ್ನೂ ತಿನ್ನಬೇಕು. ನೆನೆದಾಗ ಅವಳ ಮೈ ಜುಮ್ಮೆಂದಿತು.

ಶಾಮಣ್ಣ ಚಿಕ್ಕದನ್ನು ಎತ್ತಿ, ಉರುಳೆ ತೆರೆದು ಖಾಲಿ ಎಂದು ತೋರಿಸಿದ. "ಇದೇ ಒಳ್ಳೇದು ಬಾಯಮ್ಮ. ನಾನು ಇದನ್ನೇ ಆರಿಸಿದ್ದು. ಮುಕ್ಕಾಲು ಕಿಲೋ ಸಹ ಇಲ್ಲ, ನೋಡಿ. ಗುಣ ಆಗುವ ಕೈಗೆ ಹಗುರದ್ದೇ ಆಗ್ಬೇಕಲ್ಲ?"

ಮಾತು ಸರಿಯೆನಿಸಿತು. ಕ್ಲಿನಿಕ್ಕಿನಲ್ಲಿ ಅವಳೂ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು. ಹಗುರದಿಂದ ಶುರುಮಾಡಿ, ಭಾರ ಆಮೇಲೆ.

ನತಾಶಾ ಅವಳಿಗೆ ಕನ್ನಡಕ ಹಾಕಿ, ಕಿವಿಗೆ ಹತ್ತಿ ತುರುಕಿ, ಅದರ ಮೇಲೆ ದಪ್ಪ ಮುಚ್ಚಳವಿಟ್ಟಳು. ಅವಳ ಕಿರುಬೆರಳಿನಷ್ಟು ದಪ್ಪದ ಒಂದೇ ಒಂದು ಗುಂಡಿನ ತೋಟೆಯನ್ನು ಉರುಳೆಗೆ ಇಳಿಸಿ, ಹಿಂದೆ ನಿಂತು ಭುಜ ಹಿಡಿದುಕೊಂಡಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ಕಾಗದದ ಗುರಿ. ಮಾರ್ಟಿನಾ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು, ಟ್ರಿಗರ್ ಎಳೆದಳು.

"ಸಾಯ್ಬಾ ಭೊಗೊಸ್!" ಎಂದು ಕಿರುಚಿದ್ದು ತಾನೇ ಎಂದು ಅವಳಿಗೆ ತಿಳಿದದ್ದು ಆಮೇಲೆ. ದೇವರನ್ನು ಕೊಂಕಣಿಯಲ್ಲಿ ಕೂಗಿದರೇ ಬೇಗ ಕೇಳುತ್ತದೆಂದು ಅವಳ ನಂಬಿಕೆ. ಹೆಬ್ಬೆರಳು, ತೋರುಬೆರಳುಗಳ ನಡುವಿನ ಮೆತ್ತನೆಯ ಮಡಿಕೆಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗಾಗಿತ್ತು. ಕಣ್ಣಲ್ಲಿ ನೀರು. ಶಾಮಣ್ಣನ ಕೈಯ ಹೊಲಿಗೆ ಇರುವುದೂ ಅಲ್ಲೇ ಪಕ್ಕದಲ್ಲಿ. ಇದರಿಂದ ಆರು ಸಲ ಹೊಡೆದರೆ ಆರನೆಯದರವರೆಗೂ ಹೋಗಬೇಕಿಲ್ಲ, ಮೂರನೆಯದಕ್ಕೇ ಕಿತ್ತು ಬರುತ್ತದೆ.

"ದೊಡ್ಡದನ್ನು ಕೊಡಿ" ಎಂದು ಬೆರಳು ಮಾಡಿ ತೋರಿಸಿದಳು.

"ಅದು ಬೇಡ ಬಾಯಮ್ಮ! ಇದಕ್ಕೇ ಹೀಗೆ ಆದ್ರೆ ಅದು ನಿಮ್ಮನ್ನು ಬಿಸಾಡ್ತದೆ."

"ಬಿಸಾಡ್ಲಿ. ಬಂದದ್ದೇ ಅದಕ್ಕಲ್ವಾ?"

ನತಾಶಾಳೇ ಅದನ್ನು ಎತ್ತಿ ತಂದು ಕೊಟ್ಟಳು. ಒಂದೂವರೆ ಕಿಲೋ. ಅದೇ ತೋಟೆ, ಒಂದೇ ಒಂದು. ಮಾರ್ಟಿನಾಳ ತೋಳು ಭಾರಕ್ಕೆ ಇಳಿಯತೊಡಗಿತು. ತುಟಿ ಕಚ್ಚಿ ಎತ್ತಿ ಹಿಡಿದಳು. ಎಳೆದಳು.

ಸದ್ದು ಕಿವಿಗಲ್ಲ, ಎದೆಯೊಳಕ್ಕೆ ಬಂತು. ನಳಿಗೆಯ ತುದಿಯಲ್ಲಿ ಬೆಂಕಿ ಅರಳಿ ಆರಿತು, ಮೇಜಿನ ಮೇಲಿನ ಮರಳು ಎದ್ದಿತು. ಆದರೆ ಪೆಟ್ಟು ಬೀಳಲಿಲ್ಲ. ಬಿದ್ದೇ ಬೀಳುತ್ತದೆಂದು ಅವಳು ಕಾಯುತ್ತಿದ್ದಂತೆಯೇ ಆ ಕಪ್ಪು ಉಕ್ಕು ಸಾವಕಾಶವಾಗಿ, ಗಂಭೀರವಾಗಿ, ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಆಕಾಶದತ್ತ ಏರಿತು, ಏರಿ ನಿಂತಿತು.

ಈ ಏರುವಿಕೆ ಅವಳಿಗೆ ಗೊತ್ತಿತ್ತು. ಹತ್ತು ವರ್ಷದವಳಿದ್ದಾಗಿನದು. ಅವಳ ಅಪ್ಪ ಕಿನ್ನಿಗೋಳಿಯ ಕಡೆಯ ಒಂದು ಇಗರ್ಜಿಯಲ್ಲಿ ಗಂಟೆ ಬಾರಿಸುತ್ತಿದ್ದರು. ದಿನದ ಪೂಜೆಗೆ ಚಿಕ್ಕ ಗಂಟೆ, ಹಬ್ಬಕ್ಕೆ, ಸಾವಿಗೆ ದೊಡ್ಡ ಗಂಟೆ. ಚಿಕ್ಕದರ ಹಗ್ಗ ಅಂಗೈ ಸುಲಿಯುತ್ತಿತ್ತು. ದೊಡ್ಡದರ ಹಗ್ಗ ಒಮ್ಮೆ ಅವಳನ್ನು ನೆಲದಿಂದ ಮೊಳದೆತ್ತರಕ್ಕೆ ಎತ್ತಿಬಿಟ್ಟಿತ್ತು. ಅವಳು ಹೆದರಿ ಅಳಲಿಲ್ಲ, ಬೆರಗಾಗಿ ಬಾಯಿ ತೆರೆದುಕೊಂಡಿದ್ದಳು. "ಚಿಕ್ಕ ಗಂಟೆ ಕೈಯನ್ನು ಕಿತ್ತುಕೊಳ್ತದೆ ಮಗಾ, ದೊಡ್ಡದು ಕೈ ಹಿಡಿದು ಕರ್ಕೊಂಡು ಹೋಗ್ತದೆ. ಅದರೊಟ್ಟಿಗೆ ಜಗಳ ಮಾಡ್ಬಾರ್ದು, ಹೋಗ್ಬೇಕು" ಎಂದಿದ್ದರು ಅಪ್ಪ.

ಮೂವತ್ತಮೂರು ವರ್ಷಗಳ ನಂತರ ಮರಳುಗಾಡಿನಲ್ಲಿ ಅದೇ ಬಾಯಿ ಹಾಗೇ ತೆರೆದುಕೊಂಡಿತ್ತು. ನತಾಶಾ ರಿವಾಲ್ವರನ್ನು ಕೈಯಿಂದ ಬಿಡಿಸಿಕೊಂಡದ್ದೂ ಅವಳಿಗೆ ತಿಳಿಯಲಿಲ್ಲ. ಆಮೇಲೆ ತನ್ನ ಹೆಬ್ಬೆರಳನ್ನು ಮಡಿಸಿ, ಬಿಡಿಸಿ ನೋಡಿದಳು. ನೋವಿರಲಿಲ್ಲ. ಅದೇ ತೋಟೆ, ಅದೇ ಮದ್ದು. ಪೆಟ್ಟನ್ನು ಆ ಭಾರದ ಉಕ್ಕೇ ನುಂಗಿ, ಕೈಗೆ ಬರೀ ತಳ್ಳು ಕೊಟ್ಟಿತ್ತು.

ಹಾಗಾದರೆ ಇದು ಶಾಮಣ್ಣನಿಗೆ ಗೊತ್ತಿರಲಿಲ್ಲವೇ? ಮೂವತ್ತು ವರ್ಷದ ಅನುಭವಸ್ಥನಿಗೆ? ಅವಳು ತಿರುಗಿ ನೋಡಿದಳು. ಅವನು ದೂರದ ಮರಳು ದಿಬ್ಬವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಬೆಳಗಿನಿಂದ ಅವನು ದೊಡ್ಡದನ್ನು ಒಮ್ಮೆಯೂ ಮುಟ್ಟಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು.

"ಶಾಮಣ್ಣ, ಇದನ್ನು ಎತ್ತಿ ಹಿಡಿಯಿರಿ. ಖಾಲಿ ಉಂಟು."

"ಎಂತಕ್ಕೆ ಈಗ?"

"ಹಿಡಿಯಿರಿ ಹೇಳಿದೆ."

ಅವನು ಬಲಗೈಯಿಂದ ಎತ್ತಿದ. ಒಂದು, ಎರಡು, ಮೂರು ಎಂದು ಮಾರ್ಟಿನಾ ಮನಸ್ಸಿನಲ್ಲೇ ಎಣಿಸಿದಳು. ನಾಲ್ಕಕ್ಕೆ ನಳಿಗೆಯ ತುದಿ ನಡುಗಿತು. ಐದಕ್ಕೆ ಹೆಬ್ಬೆರಳು ಸೋತು ಬಿಟ್ಟುಕೊಟ್ಟಿತು, ರಿವಾಲ್ವರ್ ತಲೆ ತಗ್ಗಿಸಿತು. ಎಡಗೈ ಅಡ್ಡ ಬಂದು ಹಿಡಿದುಕೊಂಡಿತು.

ಅವನ ಮುಖ ಕಪ್ಪಿಟ್ಟಿತು. "ಚಿಕ್ಕದರಲ್ಲಿ ಹಲ್ಲು ಕಚ್ಚಿ ಆರು ಹೊಡೆದು ಬಿಡುವ ಅಂತ ಇದ್ದೆ ಬಾಯಮ್ಮ" ಎಂದ, ನತಾಶಾಳಿಗೆ ಕನ್ನಡ ತಿಳಿಯದಿದ್ದರೂ ತಗ್ಗಿದ ದನಿಯಲ್ಲಿ. "ನೋವಾದ್ರೆ ತಡ್ಕೊಳ್ಬಹುದು. ನಾಳೆ ಇಲ್ಲಿ ನಾನೇ ಕಲಿಸುವ ಹುಡುಗರ ಎದುರು ನಡುಗ್ಲಿಕ್ಕೆ ಆಗುದಿಲ್ಲ."

ಮಾರ್ಟಿನಾಳಿಗೆ ಸಿಟ್ಟು ಉಕ್ಕಿತು. ಬೆರಳು ಕಿತ್ತು ಹೋದರೂ ಸರಿ, ಮಾನ ಉಳಿಯಬೇಕು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇಂಥವರಿಗೇ. ಬೈಯಲು ಬಾಯಿ ತೆರೆದವಳ ಕಣ್ಣು ಅವನ ಎಡಗೈಯ ಮೇಲೆ ಬಿತ್ತು. ಒಂದೂವರೆ ಕಿಲೋ ಅದರಲ್ಲಿ ಅಲುಗಾಡದೆ ಕೂತಿತ್ತು.

"ಎಡಗೈಯಲ್ಲಿ ಹೊಡೀರಿ" ಎಂದಳು.

"ಎಂತ?"

"ಟ್ರಿಗರಿಗೆ ಎಡಗೈ. ಬಲಗೈ ಕೆಳಗೆ, ಬಟ್ಟಲಿನ ಹಾಗೆ. ಹೆಬ್ಬೆರಳಿಗೆ ಕೆಲಸವೇ ಇಲ್ಲ."

"ಎಡಗೈಯಾ!" ಅವನು ನಗಲು ನೋಡಿದ, ಆಗಲಿಲ್ಲ. "ಪಲ್ಟನ್ನಿನಲ್ಲಿ ಎಷ್ಟು ಎಡಚರನ್ನು ಬೈದು ಬಲಗೈಗೆ ತಂದವ ನಾನು, ಗೊತ್ತುಂಟಾ? ಒಬ್ಬನನ್ನು ಅಳಿಸಿಯೇ ಬಿಟ್ಟಿದ್ದೆ. ಈಗ ನಾನೇ..."

"ನನ್ನ ಅಪ್ಪ ನಲವತ್ತು ವರ್ಷ ಗಂಟೆ ಬಾರಿಸಿದ್ರು ಶಾಮಣ್ಣ. ಗಂಟೆ ಇಡೀ ಊರಿಗೆ ಕೇಳ್ತಿತ್ತು. ಹಗ್ಗದ ಮೇಲೆ ಯಾವ ಕೈ ಮೇಲೆ ಉಂಟು, ಯಾವುದು ಕೆಳಗೆ ಉಂಟು ಅಂತ ಒಬ್ಬರೂ ಕೇಳ್ಲಿಲ್ಲ."

ಅವನು ರಿವಾಲ್ವರನ್ನು ಎಡಗೈಗೆ ಸರಿಯಾಗಿ ಕೂರಿಸಿಕೊಂಡ. ಮಾರ್ಟಿನಾ ಹಸಿರು ಬಟ್ಟೆಯ ಮೇಲೆಯೇ ಕಾಗದ ಇಟ್ಟು ಇಂಗ್ಲಿಷಿನಲ್ಲಿ ಬರೆದಳು. ಎಡಗೈಯಿಂದ, ಬಲಗೈಯ ಆಧಾರದೊಂದಿಗೆ, ಭಾರದ ರಿವಾಲ್ವರಿನಿಂದ ಮಾತ್ರ ಹೊಡೆಯಬಹುದು. ಹಗುರದ್ದನ್ನು ಮುಟ್ಟಬಾರದು. ಸಹಿ ಹಾಕುವಾಗ ವೆಲ್ಡರನ ಮುಖ ಕಣ್ಣೆದುರು ಬಂತು. ಪೆನ್ನು ಒಂದು ಗಳಿಗೆ ನಿಂತಿತು. ಮತ್ತೆ ಹರಿಯಿತು.

ನತಾಶಾ ಎರಡು ಸಲ ಓದಿದಳು. "ಯಲ್ಲಾ" ಎಂದು, ನಡೆಯಲಿ ಎಂಬ ಅರ್ಥದ ಒಂದೇ ಅರಬಿ ಮಾತು ಹೇಳಿ, ಆರು ತೋಟೆಗಳನ್ನು ಮುಂದಿಟ್ಟಳು.

ಮೊದಲ ಗುಂಡು ಗುರಿಯ ಹಲಗೆಗೂ ತಾಗದೆ ಹಿಂದಿನ ದಿಬ್ಬದಲ್ಲಿ ಧೂಳೆಬ್ಬಿಸಿತು. ಶಾಮಣ್ಣನ ಕುತ್ತಿಗೆ ಕೆಂಪಾಯಿತು. ಎರಡನೆಯದೂ ಹಾಗೇ.

"ಜಗಳ ಮಾಡ್ಬೇಡಿ ಅದರೊಟ್ಟಿಗೆ! ಕರ್ಕೊಂಡು ಹೋಗುವಲ್ಲಿಗೆ ಹೋಗಿ!" ಎಂದು ಮಾರ್ಟಿನಾ ಕೂಗಿದಳು. ಕಿವಿಯ ಮುಚ್ಚಳದೊಳಕ್ಕೆ ಅದು ಕೇಳಿಸಿತೋ ಇಲ್ಲವೋ, ಅವನ ಭುಜಗಳು ಮಾತ್ರ ಇಳಿದವು. ಮೂರನೆಯದು ಕಾಗದದ ಮೂಲೆ ಹರಿಯಿತು. ನಾಲ್ಕು, ಐದು ಒಳಕ್ಕೆ ಬಂದವು. ಪ್ರತಿ ಸಲ ಆ ಕಪ್ಪು ನಳಿಗೆ ಅವನ ಕೈಗಳನ್ನು ಎತ್ತಿಕೊಂಡು ಏರುವಾಗ ಮಾರ್ಟಿನಾಳ ಉಸಿರೂ ಜೊತೆಯಲ್ಲೇ ಏರುತ್ತಿತ್ತು. ಆರನೆಯದು ನಟ್ಟನಡುವೆ ಅಲ್ಲದಿದ್ದರೂ ನಡುವಿನಿಂದ ಎರಡು ಬೆರಳಿನಾಚೆ ಕೂತಿತು. ಸದ್ದು ದಿಬ್ಬಗಳಿಗೆ ಬಡಿದು ಹಿಂದಿರುಗಿ ಬಂದು, ಬಹಳ ಹೊತ್ತು ಗುಂಯ್‌ಗುಟ್ಟಿ ಆರಿತು.

ಅವಳು ಓಡಿಹೋಗಿ ಅವನ ಬಲಗೈ ಹಿಡಿದಳು. "ಮಡಿಸಿ" ಎಂದಳು. ನಾಲ್ಕು ತಿಂಗಳು ಪ್ರತಿದಿನ ಹೇಳಿದ ಮಾತೇ ಅದು.

ಹೆಬ್ಬೆರಳು ಒಂದಿಷ್ಟು ಯೋಚಿಸಿತು. ಆಮೇಲೆ ಮೆಲ್ಲಗೆ ಬಾಗಿ ಅಂಗೈಯನ್ನು ಮುಟ್ಟಿತು. ಮಾರ್ಟಿನಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಮರಳು ಬಿತ್ತು ಎಂದು ಸುಳ್ಳು ಹೇಳಲೂ ಇಲ್ಲ.

"ನಾನು ಅಳಿಸಿದ ಆ ಎಡಚ ಹುಡುಗ ಈಗ ಹಾಸನದಲ್ಲಿ ಇದ್ದಾನೆ ಬಾಯಮ್ಮ" ಎಂದ ಶಾಮಣ್ಣ, ಗುರಿಯ ಕಾಗದವನ್ನೇ ನೋಡುತ್ತ. "ನಂಬರ್ ಉಂಟು. ಇವತ್ತು ಫೋನ್ ಮಾಡ್ಬೇಕು."

ಯಾವುದನ್ನು ತರಿಸಲಿ ಎಂದು ನತಾಶಾ ಕೇಳಿದಳು. ಶಾಮಣ್ಣ ಎಡಗೈ ಎತ್ತಿ ದೊಡ್ಡದನ್ನು ತೋರಿಸಿದ.