ಮುಷ್ಟಿ ಬಿಡದ ಮೆಕ್ಕಲು

ಮ್ವನಹಾವಾಳ ಮೆಕ್ಕೆಜೋಳ ಎರಡು ತಿಂಗಳಾದರೂ ಮೊಣಕಾಲು ದಾಟಿರಲಿಲ್ಲ. ಎಲೆಯಂಚು ನೇರಳೆಗೆ ತಿರುಗಿತ್ತು. ಹೊರಗಿಂದ ತಂದು ಹರಡಿದ ಮಣ್ಣು ಸಾಲದೆ ಹಾಗೇ ಬಿಟ್ಟಿದ್ದ ನಾಲ್ಕು ಸಾಲು ಮಾತ್ರ ಎದೆಮಟ್ಟ ಬೆಳೆದು ನಿಂತಿದ್ದವು. ಅವನ್ನು ಕಂಡಾಗಲೆಲ್ಲ ಅವಳಿಗೆ ಮೈಯುರಿಯುತ್ತಿತ್ತು.

ತಪ್ಪು ಅವಳದೇ. ಮೇಲೆಲ್ಲೋ ಅಣೆಕಟ್ಟು ಬಂದಮೇಲೆ ತಾನಾ ಎಂಬ ಅವರೂರ ಹೊಳೆ ಉಕ್ಕಿ ಹೊಲಕ್ಕೆ ಮೆಕ್ಕಲು ಹಾಸುವುದು ನಿಂತೇ ಹೋಗಿತ್ತು. ಹಾಗಿರುವಾಗ ಕುಡಿಯುವ ನೀರು ಶುದ್ಧ ಮಾಡುವ ಕಾರ್ಖಾನೆಯವರು, ತೊಟ್ಟಿಯ ತಳದಲ್ಲಿ ಕೂತ ಕೆಸರನ್ನು ಎಲ್ಲಿ ಸುರಿಯೋಣ ಎಂದು ಕೇಳುತ್ತ ಬಂದರು. ಮ್ವನಹಾವಾ ಒಂದು ಚಿಟಿಕೆ ಬೆರಳಲ್ಲಿ ಉಜ್ಜಿ, ನಾಲಿಗೆಗೆ ಹಚ್ಚಿ, ಇದು ನಮ್ಮ ಹೊಳೆಯದೇ ಮೆಕ್ಕಲು, ಮನೆಮಗಳು ಟ್ರ್ಯಾಕ್ಟರ್ ಹತ್ತಿ ತವರಿಗೆ ಬಂದಿದ್ದಾಳೆ ಎಂದು ಸಾರಿ, ಮೊದಲು ತನ್ನ ಹೊಲಕ್ಕೇ ಹರಡಿಸಿಬಿಟ್ಟಳು. ಆ ದಂಡೆಯಲ್ಲಿ ಮಣ್ಣಿನ ವಿಷಯಕ್ಕೆ ಅವಳ ಮಾತೇ ಕೊನೆ. ಈಗ ಹನ್ನೆರಡು ಹೆಂಗಸರು ಕೂಡಿ ಮಾಡುವ ಹೊಲದಲ್ಲೂ ಅದೇ ಕೆಸರಿನ ರಾಶಿ ಬಿದ್ದಿತ್ತು. ಸಂಜೆ ಹರಡುವುದೆಂದು ನಿಗದಿಯಾಗಿತ್ತು. ತನ್ನ ಜೋಳ ಯಾಕೆ ಏಳಲಿಲ್ಲ ಎಂಬುದಕ್ಕೆ ಅಷ್ಟರೊಳಗೆ ಅವಳು ಉತ್ತರ ತರಬೇಕಿತ್ತು.

ಕಾರ್ಖಾನೆಯ ಸಾಹೇಬ ಮೊಹರು ಒತ್ತಿದ ಕಾಗದ ಕೈಗಿಟ್ಟ. ಪರೀಕ್ಷೆಯಾಗಿದೆ, ಇದರಲ್ಲಿ ವಿಷವಿಲ್ಲ ಎಂದ. ಜೋಳ ಸಾಯುತ್ತದಾ ಎಂದು ನಾನು ಕೇಳಲಿಲ್ಲ, ಯಾಕೆ ಬೆಳೆಯುತ್ತಿಲ್ಲ ಎಂದು ಕೇಳಿದೆ ಎಂದಳು. ಅದು ಕೃಷಿ ಇಲಾಖೆಯ ಪ್ರಶ್ನೆಯಂತೆ. ಕೃಷಿ ಇಲಾಖೆಯವನು ಕೆಸರು ನಮ್ಮದಲ್ಲವಲ್ಲ ಎಂದು ಆಕಳಿಸಿದ. ಇಬ್ಬರನ್ನೂ ಅದೇ ತೊಟ್ಟಿಯಲ್ಲಿ ಅದ್ದಬೇಕು ಅನ್ನಿಸಿತು ಅವಳಿಗೆ.

ಕೊನೆಗೆ ಬಾಯಿಬಿಟ್ಟವನು ತೊಟ್ಟಿಗೆ ಪಟಿಕ ಸುರಿಯುವ ಹಿರಿಬಾಯೆ ಎಂಬ ಕೆಲಸಗಾರ, ಅವಳ ಓಣಿಯವನೇ.

"ಮಣ್ಣು ಹೊಳೇದೇ ಚಿಕ್ಕಮ್ಮ. ಆದ್ರೆ ನೀರು ತಿಳಿಯಾಗ್ಲಿ ಅಂತ ಹಾಕೋ ಪಟಿಕ ಇದ್ಯಲ್ಲ, ಅದು ಮಣ್ಣನ್ನ ಹಿಡ್ಕೊಂಡು ತಳಕ್ಕೆ ಕೂರತ್ತೆ. ಹೊಲಕ್ಕೆ ಬಂದ್ಮೇಲೂ ಮುಷ್ಟಿ ಬಿಡಲ್ಲ. ಬೇರು ತಿನ್ನೋ ಸಾರಾನೂ ಹಿಡ್ಕೊಂಡ್ಬಿಡತ್ತೆ."

"ಅವತ್ತೇ ಯಾಕೋ ಬೊಗಳಲಿಲ್ಲ?"

"ಕೇಳಿದ್ರಾ? ನೀವಾಗ್ಲೇ ನೆಕ್ಕಿ ತೀರ್ಪು ಕೊಟ್ಟಾಗಿತ್ತು."

ಅವಳು ಸಾಹೇಬನ ಕಾಗದ ಮಡಚಿ ಹಿಡಿದು ಹೆಂಗಸರ ಹೊಲದತ್ತ ಹೊರಟಳು.

ಬಿರಬಿರನೆ ನಡೆದು ಬರುವಷ್ಟರಲ್ಲಿ ಹೆಂಗಸರು ಗುದ್ದಲಿ, ಬುಟ್ಟಿ ಹಿಡಿದು ನೆರೆದಿದ್ದರು. ಮ್ವನಹಾವಾ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದಳು. ನನ್ನದೇ ತಪ್ಪು ಎಂದೂ ಹೇಳಿದಳು. ಅಷ್ಟು ಹೇಳಲು ಅವಳಿಗೆ ಜೀವ ಹೋದಷ್ಟಾಯಿತು. ಅವಳ ನಾದಿನಿ ರುಕಿಯಾ ಕಾಗದ ಇಸಿದುಕೊಂಡು, ವಿಷವಿಲ್ಲ ಎಂಬುದನ್ನಷ್ಟೇ ಎರಡು ಸಲ ಗಟ್ಟಿಯಾಗಿ ಓದಿದಳು. ನಿನ್ನ ಬೀಜವೇ ಸರಿಯಿರಲಿಲ್ಲ ಎಂದಳೊಬ್ಬಳು. ಆ ನಾಲ್ಕು ಸಾಲು ಕಾಲುವೆಗೆ ಹತ್ತಿರ, ಅದಕ್ಕೇ ಬೆಳೆದಿವೆ ಎಂದಳು ಇನ್ನೊಬ್ಬಳು.

"ನಿಮ್ಮ ಹೊಲಕ್ಕೆ ಬಂದಾಗ ಮೆಕ್ಕಲು, ನಮ್ಮ ಹೊಲಕ್ಕೆ ಬಂದಾಗ ಕೆಸರಾ ಅತ್ತಿಗೆ?" ಎಂದಳು ರುಕಿಯಾ.

ಗೊತ್ತಿಲ್ಲದೆ ಸುಳ್ಳು ಹೇಳಿದಾಗ ಒಬ್ಬಳೂ ಪ್ರಶ್ನೆ ಕೇಳಿರಲಿಲ್ಲ. ಮ್ವನಹಾವಾಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಅವಳು ರಾಶಿ ಹತ್ತಿ, ಅದರ ನೆತ್ತಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹರಡೋದಾದ್ರೆ ನನ್ನನ್ನೂ ಸೇರಿಸಿ ಹರಡಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ರುಕಿಯಾ ಸೊಂಟದ ಬಟ್ಟೆ ಬಿಗಿದುಕೊಂಡು, ಅತ್ತಿಗೆಯ ಬೆನ್ನ ಕಡೆಗೆ ಹೋಗಿ, ರಾಶಿಯ ಬುಡಕ್ಕೆ ಗುದ್ದಲಿ ಹಾಕಿ ಮೊದಲ ಬುಟ್ಟಿ ತುಂಬಿದಳು.